ಚಳಿಗಾಲದ ಬೆಟ್ಟವೂ ಜೊತೆಗೆ ಬರುವ ನಾಯಿಯೂ

ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಮಾತು ಎರಡು ವಸ್ತುಗಳಿಗೆ ಸಲ್ಲುತ್ತದೆ. ಪುಷ್ಯಮಾಸದ ಬೆಳಗಿನಲ್ಲಿ ಶಿವಮೊಗ್ಗದ ಕೋಟೆಯ ಬದಿಗೆ ಹರಿಯುವ ತುಂಗೆಯ ಮೇಲೆ ಬೆಳ್ಳಗೆ ಹಬ್ಬಿ ನಿಲ್ಲುವುದೂ ಮಂಜೇ; ಹಿಮಾಲಯದ ಇಳಿಜಾರುಗಳಲ್ಲಿ ಆಳೆತ್ತರ ಬಿದ್ದು ದಾರಿಯನ್ನು ಮುಚ್ಚಿಬಿಡುವುದೂ ಮಂಜೇ. ಮೊದಲನೆಯದು ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳು. ಎರಡನೆಯದು ನೀರೇ ಹೆಪ್ಪುಗಟ್ಟಿ ಆದ ಹರಳುಗಳು. ಈ ಎರಡನೆಯ ಬಗೆಯ ಮಂಜು ನಮ್ಮ ಮಲೆನಾಡಿನಲ್ಲಿ ಬೀಳುವುದಿಲ್ಲ. ಆದುದರಿಂದ, ಕಾಲಿಗೆ ಜರಡಿಯಂತಹ ಅಗಲವಾದ ಹಿಮಪಾದುಕೆಗಳನ್ನು ಕಟ್ಟಿಕೊಂಡು, ನಾಯಿಯನ್ನು ಜೊತೆಗೆ ಕರೆದುಕೊಂಡು, ನಡುಚಳಿಗಾಲದಲ್ಲಿ ಪರ್ವತವನ್ನೇರುವ ಶೀತದೇಶಗಳ ಜನರ ವೃತ್ತಾಂತಗಳನ್ನು ಓದುವಾಗ, ಇದು ನಮಗೆ ಸಂಬಂಧಿಸದ ಸಂಗತಿ ಎಂದು ವಾಚಕರಿಗೆ ತೋರಬಹುದು.

ಆದರೆ ಮಲೆನಾಡಿನಲ್ಲಿಯೂ ಚಳಿಗಾಲವೇ ಬೆಟ್ಟ ಹತ್ತುವ ಕಾಲ. ಮಳೆ ನಿಂತು, ಇಂಬಳಗಳು ಮರೆಯಾಗಿ, ಕಾಲುದಾರಿಗಳು ಒಣಗಿ ಗಟ್ಟಿಯಾಗುವುದು ಆಗಲೇ. ಮನೆಯವರು ಕೋಲು ಹಿಡಿದು ಗುಡ್ಡದ ಕಡೆಗೆ ಹೊರಟರೆ, ಕರೆಯದಿದ್ದರೂ ನಾಯಿ ಹಿಂದೆ ಹೊರಡುವುದುಂಟು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರಿಗೆ ಗುತ್ತಿಯನ್ನೂ, ನೆರಳಿನಂತೆ ಅವನ ಹಿಂದೆ ಕಾಡುದಾರಿಗಳಲ್ಲಿ ನಡೆಯುವ ಹುಲಿಯ ಎಂಬ ನಾಯಿಯನ್ನೂ ಮರೆಯುವುದು ಸಾಧ್ಯವಿಲ್ಲ. ಹಿಮದ ಬೆಟ್ಟವಾಗಲಿ, ಹುಲ್ಲಿನ ಬೆಟ್ಟವಾಗಲಿ, ಅಲ್ಲಿ ಏರುವ ಎರಡು ಜೀವಗಳ ದೇಹರಚನೆ ಬೇರೆ ಬೇರೆ. ನಮಗೆ ಹಿತವಾದ ಹವೆ ನಾಯಿಗೂ ಹಿತವೆಂದು ಭಾವಿಸುವಂತಿಲ್ಲ. ಅದರ ಪಾದ, ಅದರ ಉಸಿರು, ಅದರ ತುಪ್ಪಳು ಇವುಗಳ ವಿಷಯವನ್ನು ಸ್ವಲ್ಪ ತಿಳಿದುಕೊಂಡು ಹೊರಡುವುದು ಅದಕ್ಕೂ ಕ್ಷೇಮ, ನಮಗೂ ಕ್ಷೇಮ. ಹೇಗೆಂಬುದನ್ನು ನೋಡೋಣ.

ಕಣಿವೆಯ ಚಳಿ, ನೆತ್ತಿಯ ಚಳಿ

ಎತ್ತರಕ್ಕೆ ಹೋದಂತೆ ಚಳಿ ಹೆಚ್ಚುತ್ತದೆಂಬುದು ಎಲ್ಲರೂ ಬಲ್ಲ ಮಾತು. ಸರಾಸರಿಯಲ್ಲಿ 1000 ಮೀಟರ್ ಏರಿದರೆ ಗಾಳಿಯ ಉಷ್ಣತೆ ಸುಮಾರು 6.5 ಡಿಗ್ರಿ ಸೆಂಟಿಗ್ರೇಡಿನಷ್ಟು ಇಳಿಯುತ್ತದೆ. ಶಿವಮೊಗ್ಗ ನಗರ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಅದೇ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿರುವ ಕೊಡಚಾದ್ರಿಯ ನೆತ್ತಿ 1343 ಮೀಟರ್ ಎತ್ತರದಲ್ಲಿದೆ. ಇವೆರಡರ ಅಂತರ 773 ಮೀಟರ್. ಲೆಕ್ಕದ ಪ್ರಕಾರ ನೆತ್ತಿಯು ನಗರಕ್ಕಿಂತ ಸುಮಾರು 5 ಡಿಗ್ರಿ ತಂಪಾಗಿರಬೇಕು. ನಗರದಲ್ಲಿ 15 ಡಿಗ್ರಿ ಇರುವ ಒಂದು ದಿನ, ನೀರು ಹೆಪ್ಪುಗಟ್ಟುವಷ್ಟು ಚಳಿಯನ್ನು ಕಾಣಬೇಕಾದರೆ ಇದೇ ಲೆಕ್ಕದಲ್ಲಿ ನಾವು ಇನ್ನೂ 2300 ಮೀಟರ್ ಮೇಲಕ್ಕೆ ಹೋಗಬೇಕು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಸಮುದ್ರಮಟ್ಟದಿಂದ ಸುಮಾರು 1930 ಮೀಟರ್. ನಮ್ಮ ಬೆಟ್ಟಗಳಲ್ಲಿ ಹಿಮ ಬೀಳದಿರುವುದಕ್ಕೆ ಕಾರಣ ಇದರಿಂದ ತಿಳಿಯುತ್ತದೆ.

ಈ ನಿಯಮಕ್ಕೆ ಚಳಿಗಾಲದ ರಾತ್ರಿಗಳು ಒಂದು ಅಪವಾದವನ್ನು ಒದಗಿಸುತ್ತವೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಪ್ರಸರಿಸಿ ಬೇಗನೆ ತಣ್ಣಗಾಗುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಸಾಂದ್ರವಾಗಿ, ಭಾರವಾಗುತ್ತದೆ. ಭಾರವಾದ ಈ ಗಾಳಿ ನೀರಿನಂತೆಯೇ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ ಶೇಖರವಾಗುತ್ತದೆ. ಆಗ ತಳದಲ್ಲಿ ಚಳಿ ಹೆಚ್ಚು, ಮೇಲೆ ಚಳಿ ಕಡಿಮೆ. ಇದನ್ನು ಉಷ್ಣತೆಯ ವಿಲೋಮ ಎನ್ನುತ್ತಾರೆ. ತಳದ ತಂಪು ಗಾಳಿಯಲ್ಲಿದ್ದ ನೀರಾವಿಯು ಹನಿಗೂಡಿ ಮಂಜಾಗುತ್ತದೆ. ಬೆಳಗಿನ ಜಾವ ಮಲೆನಾಡಿನ ಬೆಟ್ಟವೊಂದರ ನೆತ್ತಿಯಿಂದ ಕೆಳಗೆ ನೋಡಿದವರಿಗೆ ಕಣಿವೆಗಳಲ್ಲೆಲ್ಲ ಹಾಲು ಚೆಲ್ಲಿದಂತೆ ಕಾಣುವುದು ಈ ಮಂಜೇ.

ಇದರಿಂದ ಬೆಟ್ಟವನ್ನೇರುವವರಿಗೆ ಆಗುವ ಪರಿಣಾಮ ವಿಚಿತ್ರವಾದುದು. ಬೆಳಗ್ಗೆ ಆರು ಗಂಟೆಗೆ ನಡುಗುತ್ತ ಹೊರಟವರು ಮೇಲೇರಿದಂತೆ ಚಳಿ ಹೆಚ್ಚುವುದೆಂದು ನಿರೀಕ್ಷಿಸುತ್ತಾರೆ. ಆಗುವುದು ಬೇರೆ. ಮಂಜಿನ ಪದರವನ್ನು ದಾಟಿದೊಡನೆ ಬಿಸಿಲು ಬೀಳುತ್ತದೆ. ಹೊತ್ತು ಏರಿದಂತೆ ಹುಲ್ಲುಗಾವಲು ಕಾಯುತ್ತದೆ. ನೆತ್ತಿಯ ಬಳಿ ಮರದ ನೆರಳೇ ಇಲ್ಲ. ನಾವು ಹೊದೆದ ಶಾಲನ್ನು ತೆಗೆದು ಹೆಗಲಿಗೆ ಹಾಕಿಕೊಳ್ಳುತ್ತೇವೆ. ನಾಯಿಯು ತನ್ನ ತುಪ್ಪಳನ್ನು ತೆಗೆದಿಡಲಾರದು.

ಪಾದದ ಲೆಕ್ಕ

ಹಿಮಪಾದುಕೆಯ ತತ್ತ್ವ ಬಹಳ ಸರಳವಾದುದು. ಕೆಸರುಗದ್ದೆಯ ಮೇಲೆ ಹಲಗೆ ಹಾಕಿಕೊಂಡು ನಡೆದವರಿಗೆ ಅದನ್ನು ವಿವರಿಸಬೇಕಾದುದಿಲ್ಲ. ಭಾರವು ಹೆಚ್ಚು ವಿಸ್ತಾರದ ಮೇಲೆ ಹರಡಿದರೆ ಒತ್ತಡ ಕಡಿಮೆಯಾಗುತ್ತದೆ. 60 ಕಿಲೋಗ್ರಾಂ ತೂಕದ ಮನುಷ್ಯನು ನಡೆಯುವಾಗ ಒಂದು ಕಾಲಿನ ಮೇಲೆ ನಿಂತ ಕ್ಷಣವನ್ನು ತೆಗೆದುಕೊಳ್ಳಿ. ಅಂಗಾಲಿನ ವಿಸ್ತಾರ ಅಂದಾಜು 200 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 300 ಗ್ರಾಂ. 1200 ಚದರ ಸೆಂಟಿಮೀಟರಿನ ಪಾದುಕೆಯನ್ನು ಕಟ್ಟಿಕೊಂಡರೆ ಅದು 50 ಗ್ರಾಮಿಗೆ ಇಳಿಯುತ್ತದೆ. ಹೊಸದಾಗಿ ಬಿದ್ದ ಹಿಮದ ಬಹುಭಾಗ ಗಾಳಿಯೇ ಆದುದರಿಂದ 300 ಗ್ರಾಮಿನ ಒತ್ತಡಕ್ಕೆ ಅದು ಕುಸಿಯುತ್ತದೆ. 50 ಗ್ರಾಮಿನ ಒತ್ತಡಕ್ಕೆ ಕೊಂಚ ತಗ್ಗಿ ನಿಲ್ಲುತ್ತದೆ.

ಈಗ ನಾಯಿಯ ಲೆಕ್ಕ. 20 ಕಿಲೋಗ್ರಾಂ ತೂಕದ ನಾಯಿಯ ಒಂದೊಂದು ಪಾದದ ವಿಸ್ತಾರ ಸುಮಾರು 25 ಚದರ ಸೆಂಟಿಮೀಟರ್ ಎಂದುಕೊಳ್ಳೋಣ. ಅದು ದುಡುದುಡು ಓಡುವಾಗ ಎರಡು ಪಾದಗಳು ಮಾತ್ರ ನೆಲದ ಮೇಲಿರುತ್ತವೆ. ಆಗ ಪ್ರತಿ ಚದರ ಸೆಂಟಿಮೀಟರಿನ ಮೇಲೆ 400 ಗ್ರಾಂ! ಮನುಷ್ಯನ ಮೂರನೆಯ ಒಂದು ಪಾಲು ತೂಕವಿರುವ ಪ್ರಾಣಿ ಬರಿಗಾಲಿನ ಮನುಷ್ಯನಿಗಿಂತ ಹೆಚ್ಚಾಗಿ ಹಿಮವನ್ನು ಒತ್ತುತ್ತದೆ. ಹೊಸ ಹಿಮದಲ್ಲಿ ನಾಯಿ ಎದೆಯವರೆಗೆ ಹೂತು, ಹಾರಿಹಾರಿ ಮುಂದುವರಿದು, ಬೇಗನೆ ದಣಿಯುವುದಕ್ಕೆ ಇದೇ ಕಾರಣ. ಪಾದುಕೆ ಕಟ್ಟಿದವರು ಮುಂದೆ ನಡೆದು ಹಿಮವನ್ನು ತುಳಿದು ಗಟ್ಟಿಮಾಡಿದರೆ, ನಾಯಿ ಆ ಜಾಡಿನಲ್ಲಿ ಸುಲಭವಾಗಿ ಬರುತ್ತದೆ. ಹಿಮದ ಬೆಟ್ಟದಲ್ಲಿ ನಾಯಿ ದಾರಿ ತೋರುವುದಕ್ಕಿಂತ, ನಾವು ನಾಯಿಗೆ ದಾರಿ ಮಾಡಿಕೊಡುವ ಸಂದರ್ಭವೇ ಹೆಚ್ಚು.

ಹಿಮದ ಮೇಲೆ ಬರಿಗಾಲಿನಲ್ಲಿ ನಡೆದರೂ ನಾಯಿಯ ಪಾದ ಏಕೆ ಹೆಪ್ಪುಗಟ್ಟುವುದಿಲ್ಲ? ಪಾದಕ್ಕೆ ಬಿಸಿ ರಕ್ತವನ್ನು ತರುವ ನಾಳಗಳೂ ಅಲ್ಲಿಂದ ತಣ್ಣನೆಯ ರಕ್ತವನ್ನು ಹಿಂದಕ್ಕೊಯ್ಯುವ ನಾಳಗಳೂ ಒಂದಕ್ಕೊಂದು ಅಂಟಿಕೊಂಡು ಹರಿಯುತ್ತವೆ. ಕೆಳಗಿಳಿಯುವ ರಕ್ತ ತನ್ನ ಶಾಖವನ್ನು ಮೇಲೇರುವ ರಕ್ತಕ್ಕೆ ದಾರಿಯಲ್ಲಿಯೇ ಕೊಟ್ಟುಬಿಡುತ್ತದೆ. ಹೀಗೆ ಪಾದ ತಂಪಾಗಿಯೇ ಇದ್ದರೂ ದೇಹದ ಶಾಖ ನಷ್ಟವಾಗುವುದಿಲ್ಲ. ನೀರುಹಕ್ಕಿಗಳ ಕಾಲುಗಳಲ್ಲಿ ಹಿಂದೆಯೇ ತಿಳಿದಿದ್ದ ಈ ಏರ್ಪಾಡು ನಾಯಿಯ ಪಾದದಲ್ಲಿಯೂ ಇದೆಯೆಂಬುದನ್ನು ಜಪಾನಿನ ಸಂಶೋಧಕರು ಈ ಶತಮಾನದಲ್ಲಿ ತೋರಿಸಿಕೊಟ್ಟರು. ಆದರೂ ಬೆರಳುಗಳ ನಡುವಿನ ಕೂದಲಿಗೆ ಹಿಮ ಅಂಟಿ ಉಂಡೆಗಟ್ಟುವುದುಂಟು. ಅದಕ್ಕಾಗಿ ಅಲಾಸ್ಕದ ಜಾರುಬಂಡಿಯ ನಾಯಿಗಳಿಗೆ ಬಟ್ಟೆಯ ಪಾದಚೀಲಗಳನ್ನು ತೊಡಿಸುತ್ತಾರೆ.

ಪಳಗಿದ ನಾಯಿಗೆ ಇಂತಹ ಬೆಟ್ಟಗಳು ಅಸಾಧ್ಯವೇನೂ ಅಲ್ಲ. ಟ್ಶಿಂಗೆಲ್ ಎಂಬ ಹೆಣ್ಣು ನಾಯಿ ತನ್ನ ಯಜಮಾನ ಕೂಲಿಜ್ ಅವರೊಡನೆ ಆಲ್ಪ್ಸ್ ಪರ್ವತಗಳಲ್ಲಿ ಹಲವಾರು ಶಿಖರಗಳನ್ನು ಏರಿ, 1875ರಲ್ಲಿ 4800 ಮೀಟರಿಗೂ ಮಿಗಿಲಾದ ಮೋಂ ಬ್ಲಾಂ ಶಿಖರವನ್ನೂ ಮುಟ್ಟಿತು. ನಮ್ಮ ಕಡೆಯ ನಾಯಿಯ ಪಾದಕ್ಕೆ ಹಿಮದ ಕಾಟವಿಲ್ಲ. ಅದರ ಬದಲು ಜಂಬಿಟ್ಟಿಗೆಯ ಹರಳುಗಳಿವೆ. ಮಧ್ಯಾಹ್ನದ ಬಿಸಿಲಿಗೆ ಕಾದ ಬಂಡೆಗಳಿವೆ. ಬಂಡೆಯ ಮೇಲೆ ನಮ್ಮ ಮುಂಗೈಯನ್ನು ಐದಾರು ಸೆಕೆಂಡು ಇಟ್ಟುಕೊಳ್ಳಲಾಗದಿದ್ದರೆ, ಅದರ ಮೇಲೆ ನಾಯಿಯನ್ನು ನಡೆಸಬಾರದು.

ಬೆವರದ ಪ್ರಾಣಿಯ ತೊಡಕು

ಹಿಮದ ನಾಡಿನಲ್ಲಿ ನಾಯಿಯ ಶತ್ರು ಚಳಿ. ಮಲೆನಾಡಿನಲ್ಲಿ, ಚಳಿಗಾಲದಲ್ಲಿಯೂ, ಅದರ ಶತ್ರು ತನ್ನದೇ ದೇಹದ ಶಾಖ. ಈ ಮಾತು ಉತ್ಪ್ರೇಕ್ಷೆಯೆಂದು ತೋರಿದರೆ ಕೆಳಗಿನ ಗಣಿತವನ್ನು ನೋಡಬಹುದು.

20 ಕಿಲೋಗ್ರಾಂ ತೂಕದ ನಾಯಿ 700 ಮೀಟರ್ ಎತ್ತರವನ್ನು ಏರಿದರೆ ಅದು ಮಾಡಿದ ಕೆಲಸ 14,000 ಕಿಲೋಗ್ರಾಂ-ಮೀಟರ್. 427 ಕಿಲೋಗ್ರಾಂ-ಮೀಟರ್ ಕೆಲಸವು ಒಂದು ಕಿಲೋಕ್ಯಾಲೊರಿ ಶಾಖಕ್ಕೆ ಸಮ. ಅಂದರೆ ಸುಮಾರು 33 ಕಿಲೋಕ್ಯಾಲೊರಿ. ಆದರೆ ಸ್ನಾಯುಗಳು ತಮಗೆ ದೊರೆತ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನು ಕೆಲಸವಾಗಿ ಮಾರ್ಪಡಿಸುತ್ತವೆ. ಮುಕ್ಕಾಲು ಭಾಗ ಶಾಖವಾಗಿ ದೇಹದಲ್ಲಿಯೇ ಉಳಿಯುತ್ತದೆ. ಹೀಗೆ ಉಳಿಯುವುದು ಸುಮಾರು 100 ಕಿಲೋಕ್ಯಾಲೊರಿ. ಇದು ಹೊರಹೋಗದೆ ನಿಂತರೆ ನಾಯಿಯ ದೇಹದ ಉಷ್ಣತೆ 6 ಡಿಗ್ರಿಯಷ್ಟು ಏರಬೇಕು. ಆರೋಗ್ಯವಂತ ನಾಯಿಯ ಉಷ್ಣತೆ ಸುಮಾರು 38.5 ಡಿಗ್ರಿ, 41 ಡಿಗ್ರಿಯನ್ನು ಮೀರಿದರೆ ಪ್ರಾಣಕ್ಕೆ ಅಪಾಯ. ಆದುದರಿಂದ ಶಾಖವನ್ನು ಹೊರದೂಡುವುದು ಅದಕ್ಕೆ ಜೀವನ್ಮರಣದ ಪ್ರಶ್ನೆ.

ನಾವಾದರೆ ಮೈಯೆಲ್ಲ ಬೆವರುತ್ತೇವೆ. ನಾಯಿಯು ಅಂಗಾಲುಗಳಲ್ಲಿ ಮಾತ್ರ ಕೊಂಚ ಬೆವರುತ್ತದೆ. ಅದು ಅವಲಂಬಿಸಿರುವುದು ಏದುಸಿರನ್ನು. ಮೂಗಿನ ಒಳಪದರ ಮತ್ತು ನಾಲಗೆಯ ತೇವ ಆವಿಯಾಗುವಾಗ ರಕ್ತದ ಶಾಖವನ್ನು ಹೀರಿಕೊಂಡು ಹೋಗುತ್ತದೆ. ನಾಯಿಯು ಏದುವಾಗ ಬಹುಮಟ್ಟಿಗೆ ಮೂಗಿನಿಂದ ಗಾಳಿಯನ್ನು ಎಳೆದುಕೊಂಡು ಬಾಯಿಯಿಂದ ಹೊರಬಿಡುತ್ತದೆಂಬುದು 1970ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂತು. ಇನ್ನೊಂದು ಸ್ವಾರಸ್ಯವೂ ಇದೆ. ಮಿನಿಟಿಗೆ ಮುನ್ನೂರಕ್ಕೂ ಹೆಚ್ಚು ಬಾರಿ ಉಸಿರಾಡುವುದಕ್ಕೇ ಬಹಳ ಶ್ರಮವಾಗಿ, ಅದರಿಂದಲೇ ಹೆಚ್ಚು ಶಾಖ ಹುಟ್ಟಬೇಕಲ್ಲವೆ? ಹಾಗಾಗುವುದಿಲ್ಲ. ಉಯ್ಯಾಲೆಯನ್ನು ಅದರ ಸ್ವಂತ ಲಯಕ್ಕೆ ಸರಿಯಾಗಿ ತಳ್ಳಿದರೆ ಬೆರಳ ತುದಿಯ ಬಲವೇ ಸಾಕು. ನಾಯಿಯ ಎದೆಗೂಡಿಗೂ ಅಂತಹ ಸ್ವಾಭಾವಿಕ ಲಯವೊಂದಿದೆ: ಸೆಕೆಂಡಿಗೆ ಸುಮಾರು ಐದು ಸಲ. ನಾಯಿ ಏದುವುದೂ ಅದೇ ಲಯದಲ್ಲಿ. ಇದನ್ನು 1962ರಲ್ಲಿ ಕ್ರಾಫರ್ಡ್ ಎಂಬ ವಿಜ್ಞಾನಿ ಅಳೆದು ತೋರಿಸಿದರು. ತರಗತಿಯಲ್ಲಿ ನಾವು ಓದುವ ಅನುರಣನೆ ಎಂಬ ಭೌತಿಕ ತತ್ತ್ವವನ್ನು ನಾಯಿ ಉಸಿರಾಟದಲ್ಲಿಯೇ ಬಳಸುತ್ತಿದೆ!

ಮಂಜಿನೊಳಗೆ, ತೇವದಿಂದ ತುಂಬಿದ ಗಾಳಿಯಲ್ಲಿ, ಈ ಉಪಾಯ ನಡೆಯುವುದೆ? ಚಳಿಯಿರುವವರೆಗೆ ನಡೆಯುತ್ತದೆ. 12 ಡಿಗ್ರಿಯ ಗಾಳಿ ಒಂದು ಘನ ಮೀಟರಿನಲ್ಲಿ ಸುಮಾರು 11 ಗ್ರಾಂ ನೀರಾವಿಯನ್ನು ಮಾತ್ರ ಹಿಡಿಯಬಲ್ಲುದು. ಅದೇ ಗಾಳಿ ನಾಯಿಯ ದೇಹದೊಳಗೆ 38 ಡಿಗ್ರಿಗೆ ಕಾದಾಗ ಸುಮಾರು 46 ಗ್ರಾಂ ಹಿಡಿಯಬಲ್ಲುದು. ಹೊಸದಾಗಿ 35 ಗ್ರಾಮಿಗೆ ಸ್ಥಳ ದೊರೆಯಿತು. ಆದರೆ ಹೊರಗಿನ ಗಾಳಿಯೇ 30 ಡಿಗ್ರಿಯಿದ್ದು ತೇವದಿಂದ ತುಂಬಿದ್ದರೆ ಅದರಲ್ಲಿ ಆಗಲೇ 30 ಗ್ರಾಂ ಇರುತ್ತದೆ. ಉಳಿಯುವ ಸ್ಥಳ ಅರ್ಧಕ್ಕಿಂತಲೂ ಕಡಿಮೆ. ಸೆಕೆ ಹೆಚ್ಚಿದ ದಿನ ಏದುಸಿರು ವ್ಯರ್ಥವಾಗುವುದು ಹೀಗೆ.

ಮೇಲೆ ಹೇಳಿದ 100 ಕಿಲೋಕ್ಯಾಲೊರಿಯನ್ನು ಕಳೆಯಲು ಸುಮಾರು 170 ಗ್ರಾಂ ನೀರು ಆವಿಯಾಗಬೇಕು. ಇದು ಏರುವ ಕೆಲಸಕ್ಕೆ ಮಾತ್ರ. ಬಿಸಿಲಿನ ಶಾಖ, ಅತ್ತಿತ್ತ ಓಡಾಟ ಸೇರಿದರೆ ಇನ್ನೂ ಹೆಚ್ಚು. ಮಲೆನಾಡಿನ ಎಷ್ಟೋ ಹಳ್ಳಗಳು ಜನವರಿಯ ವೇಳೆಗೆ ಬತ್ತಿರುತ್ತವೆ. ಭದ್ರಾವತಿಯ ಕಡೆಯ ಹಳ್ಳಿಯೊಂದರ ಗುಡ್ಡಕ್ಕೆ ಒಂದು ಚಳಿಗಾಲದಲ್ಲಿ ನಾವು ಹೋದಾಗ, ಜೊತೆಗಿದ್ದ ಊರನಾಯಿ ಮೊದಲ ಗಂಟೆಯಲ್ಲಿ ನಮಗಿಂತ ಮೂರು ಪಟ್ಟು ದೂರ ಓಡಾಡಿತು. ಮುಂದೆ ಹೋಗುವುದು, ಹಿಂದಿರುಗುವುದು, ಪೊದೆಗಳನ್ನು ಮೂಸುವುದು. ಬಿಸಿಲೇರಿದ ಮೇಲೆ ಅದು ನಮ್ಮ ನೆರಳಿನಲ್ಲಿಯೇ ನಡೆಯತೊಡಗಿತು. ನಿಂತಾಗಲೆಲ್ಲ ಹೊಟ್ಟೆಯನ್ನು ನೆಲಕ್ಕೆ ಒತ್ತಿ ಮಲಗಿತು. ಬಾಟಲಿಯ ನೀರನ್ನು ಮುತ್ತುಗದ ಎಲೆಯ ದೊನ್ನೆಯಲ್ಲಿ ಹಿಡಿದಾಗ ಮೂರು ದೊನ್ನೆ ಕುಡಿಯಿತು. ಆಗಲೇ ನಾವು ನೆತ್ತಿಯ ಆಸೆಯನ್ನು ಬಿಟ್ಟು ಇಳಿದೆವು. ನಾಲಗೆ ಅಗಲವಾಗಿ ಜೋತು ಕಡುಗೆಂಪಾಗುವುದು, ಜೊಲ್ಲು ದಪ್ಪವಾಗುವುದು, ಹೆಜ್ಜೆ ತಡವರಿಸುವುದು ಇವು ಅಪಾಯದ ಗುರುತುಗಳು. ಆಗ ನೆರಳಿಗೆ ಒಯ್ದು, ಹೊಟ್ಟೆಗೂ ಪಾದಗಳಿಗೂ ನೀರು ಸುರಿದು, ಗಾಳಿ ಬೀಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಕೊಂಡೊಯ್ಯಬೇಕು.

ಮನೆಗೆ ಬರುವ ಉಣ್ಣೆ

ಇದುವರೆಗೆ ಹೇಳಿದುದು ಬೆಟ್ಟದಲ್ಲಿ ನಾಯಿಗೆ ಒದಗುವ ಕಷ್ಟ. ನಾಯಿಯ ಮೂಲಕ ಮನೆಯವರಿಗೆ ಒದಗಬಹುದಾದ ಕಷ್ಟವೂ ಒಂದಿದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು; ಸುತ್ತಲಿನ ಹಳ್ಳಿಗಳ ಜನ ತೀವ್ರ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಕಾರಣವಾದ, ಅದುವರೆಗೆ ಎಲ್ಲಿಯೂ ತಿಳಿದಿರದ ವೈರಸ್ಸನ್ನು ಕಂಡುಹಿಡಿದರು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಜನರ ಬಾಯಲ್ಲಿ ಮಂಗನ ಕಾಯಿಲೆ. ಅದನ್ನು ಹರಡುವುದು ಕಾಡಿನ ಉಣ್ಣೆ, ಅಂದರೆ ಉಣುಗು. ರೋಗದಿಂದ ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣ್ಣೆಗಳು ಉದುರಿ ಆ ಸ್ಥಳವೆಲ್ಲ ಅಪಾಯದ ತಾಣವಾಗುತ್ತದೆ. ಮನುಷ್ಯನನ್ನು ಹೆಚ್ಚಾಗಿ ಕಚ್ಚುವುದು ಎಳ್ಳಿನಷ್ಟೂ ಇಲ್ಲದ ಮರಿ ಉಣ್ಣೆಗಳು. ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಳ್ಳುತ್ತವೆ, ಕೆಲವರಲ್ಲಿ ರಕ್ತಸ್ರಾವವಾಗುತ್ತದೆ. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಮರಣ ಹೊಂದುತ್ತಾರೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಿನ ಹಳ್ಳಿಗಳು ಇದರ ಕಠೋರತೆಯನ್ನು ಕಂಡವು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಋತುಮಾನ. ಶೀತದೇಶಗಳಲ್ಲಿ ಹಿಮ ಬಿದ್ದಾಗ ಉಣ್ಣೆಗಳು ಎಲೆಗಳಡಿಯಲ್ಲಿ ಜಡವಾಗಿ ಬಿದ್ದಿರುತ್ತವೆ. ಆಗ ನಾಯಿಯೊಡನೆ ಬೆಟ್ಟಕ್ಕೆ ಹೋಗುವವರಿಗೆ ಆ ಭಯ ಬಹಳ ಕಡಿಮೆ. ನಮ್ಮಲ್ಲಿ ಇದು ತಲೆಕೆಳಗು. ಮಳೆಗಾಲ ಕಳೆದು ಎಲೆಗಳು ಉದುರಿ ಒಣಗಿದಾಗಲೇ ಮರಿ ಉಣ್ಣೆಗಳು ಹೆಚ್ಚುತ್ತವೆ. ಸುಮಾರು ನವೆಂಬರಿನಿಂದ ಮೇ ತಿಂಗಳವರೆಗೆ ಅವುಗಳ ಕಾಲ. ಬೆಟ್ಟ ಹತ್ತಲು ಹಿತವಾದ ತಿಂಗಳುಗಳೂ ಮಂಗನ ಕಾಯಿಲೆಯ ತಿಂಗಳುಗಳೂ ಒಂದೇ!

ನಾವು ಕಾಲುದಾರಿಯಲ್ಲಿ ನಡೆಯುತ್ತೇವೆ. ನಾಯಿ ಪೊದೆಯೊಳಗೆ, ಒಣ ಎಲೆಗಳ ರಾಶಿಯೊಳಗೆ ನುಗ್ಗುತ್ತದೆ. ಅದರ ತುಪ್ಪಳಿಗೆ ಹತ್ತಿ, ಇನ್ನೂ ಕಚ್ಚಿ ಕೂರದ ಉಣ್ಣೆಗಳು ಮನೆಯ ಜಗಲಿಯಲ್ಲಿ ಉದುರಿ ಮನುಷ್ಯರ ಮೈಯೇರಬಹುದು. ಇದಲ್ಲದೆ, ಉಣ್ಣೆಗಳು ಹರಡುವ ಬೇರೆ ಜ್ವರಗಳು ನಾಯಿಯನ್ನೇ ಕಾಡುತ್ತವೆ. ಈ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಲಸಿಕೆಯ ಸಾಮರ್ಥ್ಯ ಸಾಲದೆಂದು ಅದರ ಬಳಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಆದುದರಿಂದ ಎಚ್ಚರಿಕೆಯೇ ಮುಖ್ಯ ರಕ್ಷೆ. ಮಂಗ ಸತ್ತ ಸುದ್ದಿಯಿರುವ ಕಾಡಿಗೆ ಹೋಗಬಾರದು. ಆರೋಗ್ಯ ಇಲಾಖೆಯವರು ಹಂಚುವ ಡೀಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಂಡು ಹೋಗಬೇಕು. ಅದು ಮನುಷ್ಯರಿಗಾಗಿ ಮಾಡಿದ್ದು, ನಾಯಿಗೆ ಪಶುವೈದ್ಯರು ಹೇಳಿದ ಔಷಧಿಯನ್ನೇ ಹಾಕಬೇಕು. ಹಿಂದಿರುಗಿದ ಮೇಲೆ ನಾಯಿಯನ್ನು ಅಂಗಳದಲ್ಲಿಯೇ ನಿಲ್ಲಿಸಿ ಕಿವಿ, ಕುತ್ತಿಗೆ, ಬೆರಳ ಸಂದುಗಳನ್ನು ಬಾಚಿ ನೋಡಬೇಕು. ಉಣ್ಣೆಯನ್ನು ಬರಿಗೈಯಲ್ಲಿ ಹಿಸುಕಬಾರದು. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು. ನಾವೂ ಬಿಸಿನೀರಿನಲ್ಲಿ ಸೋಪು ಹಚ್ಚಿ ಮೀಯಬೇಕು. ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಸಬೇಕು.

ನಾಯಿ ಹೋಗಬಾರದ ಬೆಟ್ಟಗಳು

ದಕ್ಷಿಣ ಧ್ರುವವನ್ನು 1911ರ ಡಿಸೆಂಬರ್ 14ರಂದು ಮೊದಲು ಮುಟ್ಟಿದ ಅಮುಂಡ್‌ಸೆನ್ ತಂಡವನ್ನು ಅಲ್ಲಿಗೆ ಸೇರಿಸಿದುದು ನಾಯಿಗಳು. ಅಂತಹ ನಾಯಿಗಳಿಗೆ ಇಂದು ಆ ಖಂಡದಲ್ಲಿ ಪ್ರವೇಶವಿಲ್ಲ. ಅವುಗಳಿಂದ ಡಿಸ್ಟೆಂಪರ್ ಮೊದಲಾದ ರೋಗಗಳು ಸೀಲ್‌ಗಳಿಗೆ ತಗಲಬಹುದೆಂದು ರಾಷ್ಟ್ರಗಳು ಒಪ್ಪಂದ ಮಾಡಿಕೊಂಡು, 1994ರ ಏಪ್ರಿಲ್ ವೇಳೆಗೆ ಎಲ್ಲ ನಾಯಿಗಳನ್ನೂ ಹೊರಗೆ ಕಳುಹಿಸಿದವು. ಅದೇ ವರ್ಷ ಆಫ್ರಿಕದ ಸೆರೆಂಗೆಟಿಯಲ್ಲಿ ಇದೇ ರೋಗದಿಂದ ಸುಮಾರು ಸಾವಿರ ಸಿಂಹಗಳು ಸತ್ತವು. 2018ರಲ್ಲಿ ನಮ್ಮ ಗಿರ್ ಅರಣ್ಯದಲ್ಲಿ ಸತ್ತ ಸಿಂಹಗಳಲ್ಲಿಯೂ ಈ ವೈರಸ್ ಕಂಡುಬಂದಿತು.

ಭದ್ರಾವತಿಗೆ ದೂರವಲ್ಲದ ಭದ್ರಾ ಹುಲಿ ಮೀಸಲು ಪ್ರದೇಶ, ಕೊಡಚಾದ್ರಿಯ ಸುತ್ತಲಿನ ಮೂಕಾಂಬಿಕಾ ವನ್ಯಜೀವಿಧಾಮ ಇಂತಹ ಕಾಡುಗಳಿಗೆ ಸಾಕುನಾಯಿಯನ್ನು ಕರೆದೊಯ್ಯಬಾರದೆನ್ನುವುದು ಇದೇ ಕಾರಣದಿಂದ. ಅಲ್ಲಿನ ಚಿರತೆಗೆ ನಾಯಿ ಆಹಾರ. ಅಲ್ಲಿನ ಕಾಡುನಾಯಿಗಳಿಗೆ ಊರನಾಯಿಯ ರೋಗ ಮೃತ್ಯು. ಅಂತಹ ಬೆಟ್ಟಗಳಿಗೆ ನಾವು ಮಾತ್ರ ಹೋಗಿ, ನಾಯಿಯೊಡನೆ ಹೋಗುವುದಾದರೆ ಊರ ಪಕ್ಕದ ಗುಡ್ಡವನ್ನು ಆರಿಸಿಕೊಳ್ಳುವುದು ವಿವೇಕ. ಅದಕ್ಕೂ ಮೊದಲು ನಾಯಿಗೆ ಹುಚ್ಚುರೋಗದ ಮತ್ತು ಡಿಸ್ಟೆಂಪರಿನ ಲಸಿಕೆಗಳನ್ನು ಹಾಕಿಸಿರಬೇಕು.

ಮನುಷ್ಯನಿಗೆ ಆಯಾಸವಾದರೆ ಅವನು ಬಾಯಿಬಿಟ್ಟು ಹೇಳುತ್ತಾನೆ, ಕುಳಿತುಬಿಡುತ್ತಾನೆ, ಹಿಂದಿರುಗುತ್ತೇನೆಂದು ಹಟ ಹಿಡಿಯುತ್ತಾನೆ. ನಾಯಿಯ ಸ್ವಭಾವ ಹಾಗಲ್ಲ. ಸಾವಿರಾರು ವರ್ಷಗಳ ಒಡನಾಟದಿಂದ ಅದು ಮನುಷ್ಯನ ಹಿಂದೆ ನಡೆಯುವುದನ್ನು ರೂಢಿಸಿಕೊಂಡಿದೆ. ದೇಹದ ಮಿತಿ ಮೀರಿದರೂ ನಡೆಯುತ್ತದೆ. ಎಲ್ಲಿಗೆ ಹೊರಡಬೇಕು, ಯಾವಾಗ ನೀರು ಕೊಡಬೇಕು, ಎಲ್ಲಿ ನಿಲ್ಲಬೇಕು, ಯಾವ ತಿರುವಿನಿಂದ ಹಿಂದಿರುಗಬೇಕು ಎಂಬ ಲೆಕ್ಕವನ್ನೆಲ್ಲ ಅದು ನಮಗೆ ಬಿಟ್ಟುಕೊಟ್ಟಿದೆ. ಆ ಲೆಕ್ಕವನ್ನು ಸರಿಯಾಗಿ ಮಾಡುವಷ್ಟು ವಿಜ್ಞಾನ ನಮ್ಮಲ್ಲಿದೆ. ಅದನ್ನು ಬಳಸುವುದು ನಮ್ಮ ಹೊಣೆ.